ರಸೀದಿಯಿಲ್ಲದ ಬಾಕಿ, ನೋಟೀಸಿಲ್ಲದ ಬೇದಖಲಿ

ಯುಗಾದಿ ಹತ್ತಿರ ಬಂದಂತೆ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: ಈ ವರ್ಷ ಹೊಲ ಯಾರಿಗೆ? ಹೋದ ವರ್ಷ ಅದೇ ಹೊಲವನ್ನು ಹರಗಿ, ಗೊಬ್ಬರ ಹಾಕಿ, ಒಡ್ಡು ಕಟ್ಟಿ, ಕಸ ಕಿತ್ತು ಹಸನು ಮಾಡಿದವನಿಗೇ ಇದರ ಉತ್ತರ ತಿಳಿದಿರುವುದಿಲ್ಲ. ಪಾಡ್ಯಕ್ಕೆ ಮುಂಚೆ ಹೊಲದ ಮಾಲಿಕನ ಕಟ್ಟೆಯ ಮುಂದೆ ಹೋಗಿ ನಿಂತಾಗ ಅವನ ಕಿವಿಗೆ ಬೀಳುವ ಮಾತು ಎರಡೇ. ಒಂದು, "ನಿನ್ನ ಕಡಿಂದ ಬಾಕಿ ಐತಿ." ಇನ್ನೊಂದು, "ಹೊಲ ಬ್ಯಾರೇದವರಿಗೆ ಮಾತಾಗೈತಿ." ಮೊದಲನೆಯ ಮಾತು ಎರಡನೆಯ ಮಾತಿಗೆ ಪೀಠಿಕೆ.

ಹೀಗೆ ಹೊಲ ಕಳೆದುಕೊಂಡವರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿದಾಗ ನಾವು ಕೇಳುವ ಮೊದಲ ಪ್ರಶ್ನೆ, "ಕಾಗದ ಏನಾದರೂ ಇದೆಯೇ?" ಎಂಬುದು. ಬರುವ ಉತ್ತರವೂ ಒಂದೇ: "ಕಾಗದ ಎಲ್ಲೈತ್ರಿ? ಮಾತಿನ ಮ್ಯಾಲೆ ಮಾಡೀವಿ." ಎಷ್ಟು ಕೊಟ್ಟಿರಿ ಎಂದರೆ ಬೆರಳು ಮಡಚಿ ಲೆಕ್ಕ ಹೇಳುತ್ತಾರೆ. ಯಾರ ಮುಂದೆ ಕೊಟ್ಟಿರಿ ಎಂದರೆ ಸುಮ್ಮನಾಗುತ್ತಾರೆ. ಮಾಲಿಕನ ಬಳಿ ಒಂದು ವಹಿ ಇರುತ್ತದೆ. ಅದರಲ್ಲಿ ಬರೆದದ್ದೇ ಬಾಕಿ. ರೈತನ ಬಳಿ ನೆನಪು ಇರುತ್ತದೆ. ನೆನಪನ್ನು ಯಾವ ಕಚೇರಿಯೂ ದಾಖಲೆ ಎಂದು ತೆಗೆದುಕೊಳ್ಳುವುದಿಲ್ಲ.

ನಮ್ಮ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇವೆ. ನಮ್ಮ ಭಾಗದಲ್ಲಿ ಗೇಣಿಯ ಬಾಕಿ ಎಂಬುದು ಸಾಲದ ಲೆಕ್ಕವಾಗಿ ಉಳಿದಿಲ್ಲ. ಅದು ಹೊಲ ಬಿಡಿಸುವ ಆಯುಧವಾಗಿದೆ. ಇಲ್ಲಿ ಗೇಣಿದಾರನನ್ನು ಕೋರ್ಟು ಬೇದಖಲ್ ಮಾಡಿದ್ದು ಅಪರೂಪ. ಅವನನ್ನು ಹೊರದೂಡಿದ್ದು ಬರವಣಿಗೆಯಿಲ್ಲದ ಬಾಯಿಮಾತು. ಅವನ ಕೈಗೆ ಒಂದು ತುಂಡು ಕಾಗದ ಬರುವವರೆಗೆ ಯಾವ ಕಾನೂನೂ, ಯಾವ ಘೋಷಣೆಯೂ ಅವನನ್ನು ಉಳಿಸಲಾರದು. ಈ ಮಾತಿಗೆ ಎಪ್ಪತ್ತು ವರ್ಷಗಳ ಸಾಕ್ಷ್ಯವಿದೆ.

ರಾಯಚೂರು ಜಿಲ್ಲೆ ನಿಜಾಮನ ಆಡಳಿತದಲ್ಲಿದ್ದ ಕಾಲಕ್ಕೆ ಗೇಣಿಗೆ ಉಳುವವನನ್ನು ಶಿಕ್ಮಿದಾರನೆಂದು ಕರೆಯುತ್ತಿದ್ದರು. ಅವನ ರಕ್ಷಣೆಗೆಂದು 1945ರಲ್ಲಿಯೇ ಆಸಾಮಿ ಶಿಕ್ಮಿ ಕಾನೂನು ಬಂದಿತ್ತು. ಜಾಗೀರದಾರರ ರಾಜ್ಯದಲ್ಲಿ ಅದಕ್ಕೆ ಎಷ್ಟು ಬೆಲೆ ಇದ್ದೀತೆಂಬುದನ್ನು ಓದುಗರೇ ಊಹಿಸಬಹುದು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಡಳಿತ ಮುಗಿಯಿತು. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದು ಗೇಣಿ ಮತ್ತು ಸಾಗುವಳಿ ಜಮೀನುಗಳ ಕಾನೂನು ಜಾರಿಗೆ ಬಂತು. ಆ ದಿನಗಳಲ್ಲಿ ಇಡೀ ದೇಶದಲ್ಲಿ ಅಷ್ಟು ಮುಂದುವರಿದ ಕಾನೂನುಗಳು ಕೆಲವೇ ಇದ್ದವು. ನಿಗದಿಯಾದ ಅವಧಿಯವರೆಗೆ ಬಿಡದೆ ಉಳುಮೆ ಮಾಡಿದವನನ್ನು ಅದು 'ರಕ್ಷಿತ ಗೇಣಿದಾರ'ನೆಂದು ಪಟ್ಟಿಯಲ್ಲಿ ಬರೆಯಿತು. ಆ ಹೊಲವನ್ನು ಕೊಳ್ಳುವ ಹಕ್ಕನ್ನು ಅವನಿಗೆ ಕೊಟ್ಟಿತು. ಗೇಣಿ ತೆಗೆದುಕೊಂಡ ಮಾಲಿಕ ರಸೀದಿ ಕೊಡಬೇಕೆಂದಿತು. ಬಾಕಿಯ ಕಾರಣಕ್ಕಾಗಿ ಬಿಡಿಸುವುದಾದರೆ, ಆ ಬಾಕಿಯನ್ನು ಕಟ್ಟಿ ಹೊಲ ಉಳಿಸಿಕೊಳ್ಳುವ ಅವಕಾಶವನ್ನು ಮೊದಲು ಕೊಡಬೇಕೆಂದಿತು. ಸರಕಾರ ಭೂಕಂದಾಯವನ್ನು ಮಾಫಿ ಮಾಡಿದ ವರ್ಷ ಮಾಲಿಕನೂ ಗೇಣಿಯಲ್ಲಿ ಮಾಫಿ ಕೊಡಬೇಕೆಂಬ ನ್ಯಾಯವೂ ಅದರಲ್ಲಿತ್ತು. ಕಾನೂನಿನ ಪುಸ್ತಕದಲ್ಲಿ ರೈತನಿಗೆ ಏನೂ ಕಡಿಮೆಯಿರಲಿಲ್ಲ.

ಹಾಗಾದರೆ ಆದದ್ದೇನು? ಅರ್ಥಶಾಸ್ತ್ರಜ್ಞ ಎ. ಎಂ. ಖುಸ್ರೋ ಅವರು ಹೈದರಾಬಾದು ಪ್ರಾಂತದ ಹಳ್ಳಿಗಳನ್ನು ಅಧ್ಯಯನ ಮಾಡಿ 1958ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಪ್ರತಿಯೊಬ್ಬ ಕಾರ್ಯಕರ್ತನೂ ಬಾಯಿಪಾಠ ಮಾಡಬೇಕು. 1951ರಲ್ಲಿ ರಕ್ಷಿತರೆಂದು ಬರೆಯಲ್ಪಟ್ಟ ಪ್ರತಿ 100 ಗೇಣಿದಾರರಲ್ಲಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ರಕ್ಷಿತರಾಗಿಯೇ ಉಳಿದವರು 45.4. ಹೊಲವನ್ನು ಕೊಂಡು ಒಡೆಯರಾದವರು 12.4. ಕಾನೂನಿನ ಪ್ರಕಾರ ಬೇದಖಲ್ ಆದವರು ಕೇವಲ 2.6. ಕಾನೂನು ಮೀರಿ ಬೇದಖಲ್ ಆದವರು 22.1. 'ಸ್ವಂತ ಇಚ್ಛೆಯಿಂದ' ಹೊಲ ಬಿಟ್ಟುಕೊಟ್ಟವರು 17.5.

ಈ ಕೊನೆಯ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಹೊಲ ಕಳೆದುಕೊಂಡವರು ನೂರಕ್ಕೆ 42. ಅವರಲ್ಲಿ ಮೂವರಿಗೂ ಕಡಿಮೆ ಜನ ಮಾತ್ರ ತಹಸೀಲದಾರನ ಮುಂದೆ ನಿಂತು, ತಮ್ಮ ಮಾತು ಹೇಳಿ, ಹುಕುಮಿನ ಮೇಲೆ ಹೊಲ ಬಿಟ್ಟರು. ಉಳಿದ 39 ಜನ ಯಾವ ಹುಕುಮೂ ಇಲ್ಲದೆ ಹೋದರು. ಕಾನೂನಿನ ಪುಸ್ತಕವನ್ನು ತೆರೆಯುವ ಪ್ರಸಂಗವೇ ಬರಲಿಲ್ಲ. ಇನ್ನು ಸ್ವಂತ ಇಚ್ಛೆ ಎಂಬುದು ಹೇಗೆ ಹುಟ್ಟುತ್ತದೆಂಬುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ವಹಿಯಲ್ಲಿ ಮೂರು ವರ್ಷದ ಬಾಕಿ ಬರೆದು ತೋರಿಸುವುದು, ಮಗಳ ಮದುವೆಗೆ ಕೊಟ್ಟ ಸಾಲವನ್ನು ಅದಕ್ಕೆ ಸೇರಿಸುವುದು, "ಹೆಬ್ಬೆಟ್ಟು ಒತ್ತು, ಎಲ್ಲಾ ಮಾಫ್" ಎನ್ನುವುದು. ಓದು ಬಾರದವನು ಒತ್ತಿದ ಹೆಬ್ಬೆಟ್ಟನ್ನು ಸರಕಾರಿ ಕಾಗದ 'ಇಚ್ಛೆ' ಎಂದು ಕರೆಯಿತು.

ಅದೇ ಕಾಲದಲ್ಲಿ, 1951ರ ಏಪ್ರಿಲ್‌ನಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತರು. ಶಾಂತವೇರಿ ಗೋಪಾಲಗೌಡರು ಅವರ ಜೊತೆಗಿದ್ದರು. ಜೂನಿನಲ್ಲಿ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಬೇರಿನಲ್ಲಿದ್ದ ಪ್ರಶ್ನೆ ಗೇಣಿ ಅಳೆಯುವ ಕೊಳಗ ಯಾವುದು ಎಂಬುದು. ಅಳತೆ ಮಾಲಿಕನ ಕೈಯಲ್ಲಿದ್ದರೆ ಎಷ್ಟು ಕೊಟ್ಟರೂ ಗೇಣಿ ತೀರುವುದಿಲ್ಲ ಎಂಬುದನ್ನು ಆ ರೈತರು ಕಂಡುಕೊಂಡಿದ್ದರು. ಅಲ್ಲಿ ಕೊಳಗವಾಗಿದ್ದದ್ದು ನಮ್ಮಲ್ಲಿ ಈಗ ವಹಿಯಾಗಿದೆ. ಪ್ರಶ್ನೆ ಬದಲಾಗಿಲ್ಲ: ಲೆಕ್ಕ ಯಾರ ಕೈಯಲ್ಲಿ?

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಮೈಸೂರು ಭೂಸುಧಾರಣಾ ಕಾನೂನು ಆಯಿತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಮಾಡುವುದಕ್ಕೂ ಜಾರಿಗೆ ತರುವುದಕ್ಕೂ ನಡುವೆ ನಾಲ್ಕು ವರ್ಷ ಸಿಕ್ಕರೆ ಮಾಲಿಕರು ಏನು ಮಾಡಬಹುದೋ ಅದನ್ನೇ ಮಾಡಿದರು. ಜೊತೆಗೆ 'ಸ್ವಂತ ಸಾಗುವಳಿ'ಗೆಂದು ಗೇಣಿದಾರನಿಂದ ಹೊಲ ಹಿಂದಕ್ಕೆ ಪಡೆಯುವ ದಾರಿಯನ್ನೂ ಆ ಕಾನೂನು ತೆರೆದಿಟ್ಟಿತ್ತು. ಕೊನೆಗೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು, ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು 7ನೆಯ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ಅದನ್ನು ತನ್ನದಾಗಿ ಮಾಡಿಕೊಳ್ಳಬಹುದಾಯಿತು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದವು. ಕರಾವಳಿ ಮತ್ತು ಮಲೆನಾಡಿನ ಲಕ್ಷಾಂತರ ಮನೆಗಳಲ್ಲಿ ಆ ದಿನ ದೀಪ ಹತ್ತಿತು. ಅದನ್ನು ನಾವು ಎಂದೂ ಸಣ್ಣದು ಮಾಡಿ ಹೇಳುವುದಿಲ್ಲ.

ಆದರೆ ನಮ್ಮ ಭಾಗಕ್ಕೆ ಆ ನ್ಯಾಯಮಂಡಳಿ ಇಪ್ಪತ್ತು ವರ್ಷ ತಡವಾಗಿ ಬಂತು. ಅರ್ಜಿ ಹಾಕಬೇಕಾಗಿದ್ದವನು ಅಷ್ಟರಲ್ಲಿ ಕೂಲಿಯಾಗಿದ್ದ. ಪಹಣಿಯಲ್ಲಿ ಅವನ ಹೆಸರು ಇರಲಿಲ್ಲ. ರಸೀದಿ ಅವನು ಕಂಡಿರಲಿಲ್ಲ. ಸಾಕ್ಷಿ ಹೇಳಬೇಕಾದ ನೆರೆಯವನು ಅದೇ ಮಾಲಿಕನ ಹೊಲದಲ್ಲಿ ಕೆಲಸ ಮಾಡುತ್ತಿದ್ದ. 1979ರ ಜೂನ್ 30ಕ್ಕೆ ಅರ್ಜಿಯ ಅವಧಿ ಮುಗಿಯಿತು. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಗೋಡೆಗಳ ಮೇಲೆ ಉಳಿಯಿತು.

ಇಲ್ಲಿ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. 1974ರ ಕಾನೂನು ಹಳೆಯ ಗೇಣಿಯನ್ನು ಕೊನೆಗಾಣಿಸಿದ್ದಷ್ಟೇ ಅಲ್ಲದೆ, ಇನ್ನು ಮುಂದೆ ಸೈನಿಕರು ಮತ್ತು ನಾವಿಕರ ಹೊರತು ಯಾರೂ ಭೂಮಿಯನ್ನು ಗೇಣಿಗೆ ಕೊಡಕೂಡದೆಂದು ನಿಷೇಧಿಸಿತು. ಗೇಣಿ ನಿಷೇಧವಾಯಿತು, ಆದ್ದರಿಂದ ಗೇಣಿ ಇಲ್ಲ ಎಂದು ಸರಕಾರ ನಂಬಿತು. ನಾವೂ ನಂಬಿದೆವು. ಗೇಣಿ ಹೋಗಲಿಲ್ಲ, ಅದು ಹೆಸರು ಬದಲಿಸಿತು. ಲಾವಣಿ ಎಂದರು, ಲೀಜು ಎಂದರು, ಪಾಲು ಎಂದರು, ಕೋರು ಎಂದರು. ಕಾನೂನಿನ ಕಣ್ಣಿಗೆ ಇಲ್ಲದವನು ಹೊಲದಲ್ಲಿ ದುಡಿಯುತ್ತಲೇ ಇದ್ದಾನೆ. ಮೊದಲು ಅವನಿಗೆ ರಸೀದಿ ಕೊಡಬೇಕೆಂದಾದರೂ ಕಾನೂನು ಹೇಳುತ್ತಿತ್ತು. ಈಗ ರಸೀದಿ ಬರೆದರೆ ಅದೇ ಅಪರಾಧದ ಪುರಾವೆ ಎಂದು ಮಾಲಿಕ ಹೆದರುತ್ತಾನೆ.

ಮೂರು ತಾಲ್ಲೂಕುಗಳಲ್ಲಿ ಇದರ ರೂಪ ಬೇರೆ ಬೇರೆ.

ಸಿಂಧನೂರು ಕಾಲುವೆಯ ಸೀಮೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ಕಡೆಯಿಂದ ಬಂದ ಒಕ್ಕಲುತನದ ಕುಟುಂಬಗಳು ಅಗ್ಗದ ಬೆಲೆಗೆ ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡವು. ನೆಲವನ್ನು ಸಮ ಮಾಡಿ ದುಡಿದು ಬೆಳೆದವು. ಇಂದು ಗೇಣಿಯ ತಕರಾರು ಬಂದಾಗ ಕೆಲವರು ಮಾಲಿಕನ ಭಾಷೆ ಯಾವುದೆಂದು ಎತ್ತಿ ಆಡುತ್ತಾರೆ. ಇದು ದಾರಿ ತಪ್ಪಿಸುವ ಮಾತು. ಕನ್ನಡ ಮಾತನಾಡುವ ಮಾಲಿಕನ ವಹಿ ತೆಲುಗು ಮಾತನಾಡುವ ಮಾಲಿಕನ ವಹಿಗಿಂತ ಒಂದು ಚೀಲವನ್ನೂ ಕಡಿಮೆ ಬರೆಯುವುದಿಲ್ಲ.

ಇಲ್ಲಿ ಗೇಣಿ ನಡೆಯುವುದು ಎಕರೆಗೆ ಇಷ್ಟು ಚೀಲ ಭತ್ತವೆಂದು, ಇಲ್ಲವೆ ಮುಂಗಡ ನಗದೆಂದು. ಲೆಕ್ಕಕ್ಕಾಗಿ ಒಂದು ಉದಾಹರಣೆ ಹಿಡಿಯೋಣ. ಐದು ಎಕರೆ ಗದ್ದೆ. ಎರಡು ಬೆಳೆಗೆ ಸೇರಿ ಎಕರೆಗೆ 20 ಚೀಲವೆಂದು ಮಾತು. ಒಟ್ಟು 100 ಚೀಲ. ಮೊದಲ ಬೆಳೆ ಬಂದಾಗ ರೈತ 50 ಚೀಲ ಅಳೆದುಕೊಟ್ಟ. ಎರಡನೆಯ ಬೆಳೆಗೆ ಕಾಲುವೆಯಲ್ಲಿ ನೀರು ಬರಲಿಲ್ಲ. ಉಳಿದ 50 ಚೀಲ ಬಾಕಿಯೇ? ಬಿತ್ತದ ಬೆಳೆಗೆ ಗೇಣಿ ಎಲ್ಲಿಂದ ಬಂದೀತು? ನ್ಯಾಯ ಗೊತ್ತಿದ್ದವರು ಅದು ಬಾಕಿಯಲ್ಲ ಎಂದಾರು. ವಹಿ ಮಾತ್ರ ಅದನ್ನು ಬಾಕಿ ಎಂದೇ ಬರೆಯುತ್ತದೆ. ಮುಂದಿನ ಯುಗಾದಿಗೆ ಆ 50 ಚೀಲವನ್ನು ತೋರಿಸಿ ಹೊಲವನ್ನು ಹೆಚ್ಚಿನ ಗೇಣಿಗೆ ಇನ್ನೊಬ್ಬನಿಗೆ ಕೊಡಲಾಗುತ್ತದೆ.

ಇದು ಊಹೆಯ ಪ್ರಸಂಗವೆಂದು ಯಾರೂ ತಳ್ಳಿಹಾಕಬಾರದು. 2023ರ ಬರದಲ್ಲಿ ತುಂಗಭದ್ರಾ ಜಲಾಶಯ ತುಂಬಲಿಲ್ಲ. ಎಡದಂಡೆಯ ಭತ್ತಕ್ಕೆ ಎರಡನೆಯ ಬೆಳೆ ಇಲ್ಲವಾಯಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ಕಾಲುವೆಯ ಕೊನೆಯವರೆಗಿನ ರೈತರು ನಿದ್ದೆಗೆಟ್ಟು ಕುಳಿತರು. ಕಾಲುವೆಯ ತಲೆಯಲ್ಲಿರುವವನಿಗೆ ನೀರು, ಬುಡದಲ್ಲಿರುವವನಿಗೆ ವರದಿ ಎಂಬುದು ನಮ್ಮ ಹಳೆಯ ಕಥೆ. ನೀರಿನ ಅಪಾಯವನ್ನೆಲ್ಲ ಗೇಣಿದಾರನ ತಲೆಗೆ ಕಟ್ಟಿ, ಗೇಣಿಯನ್ನು ಮಾತ್ರ ಬರದ ವರ್ಷಕ್ಕೂ ಅಲುಗದ ಕಲ್ಲಿನಂತೆ ಇಡುವುದು ಯಾವ ಧರ್ಮ?

ಲಿಂಗಸುಗೂರು ಹಳೆಯ ಊರು. 1905ರವರೆಗೆ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಅದರ ತಾಲ್ಲೂಕಿನೊಳಗೆ ಹಟ್ಟಿಯ ಚಿನ್ನದ ಗಣಿಯಿದೆ. ನೆಲದ ಕೆಳಗೆ ಚಿನ್ನವಿರುವ ತಾಲ್ಲೂಕಿನಲ್ಲಿ ನೆಲದ ಮೇಲೆ ಮಳೆಯನ್ನು ನಂಬಿದ ಹೊಲಗಳು ಬಹಳ. ಜೋಳ, ಸಜ್ಜೆ, ತೊಗರಿ, ಹತ್ತಿ. ಇಂಥಲ್ಲಿ ಪಾಲಿನ ಪದ್ಧತಿ: ಅರ್ಧ ನಿನಗೆ, ಅರ್ಧ ನನಗೆ. ಕೇಳಲು ಇದು ಸಮಪಾಲು. ಬೀಜ ಯಾರದು, ಗೊಬ್ಬರ ಯಾರದು, ಔಷಧಿ ಹೊಡೆದ ಕೂಲಿ ಯಾರದು ಎಂದು ಕೇಳಿದಾಗ ಸಮಪಾಲಿನ ಬಣ್ಣ ತಿಳಿಯುತ್ತದೆ. ಗೊಬ್ಬರದ ಅಂಗಡಿಯ ಉದ್ದರಿಯೆಲ್ಲ ರೈತನ ಹೆಸರಿಗೆ. ಮಾಲು ದಲಾಲಿ ಅಂಗಡಿಗೆ ಬಂದಾಗ ಮೊದಲು ಮಾಲಿಕನ ಪಾಲು, ಆಮೇಲೆ ಅಂಗಡಿಯ ಬಾಕಿ, ಉಳಿದರೆ ರೈತನಿಗೆ. ಉಳಿಯದ ವರ್ಷ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾನೆ. ತಿರುಗಿ ಬಂದಾಗ ಹೊಲ ಕೈಬಿಟ್ಟಿರುತ್ತದೆ. "ನೀನೇ ಬಿಟ್ಟು ಹೋದೆಯಲ್ಲೋ" ಎನ್ನುತ್ತಾರೆ. 1951ರ 'ಸ್ವಂತ ಇಚ್ಛೆ' ಇಂದು ಬಸ್ಸು ಹತ್ತಿದೆ, ಅಷ್ಟೇ.

ಮಸ್ಕಿ ಲಿಂಗಸುಗೂರಿನೊಳಗಿದ್ದು ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ. ತಾಲ್ಲೂಕು ಕೇಂದ್ರವಾದೊಡನೆ ಊರ ಸುತ್ತಲಿನ ಭೂಮಿಗೆ ಬೆಲೆ ಏರುತ್ತದೆ; ನೀರಾವರಿ ಬರುತ್ತದೆಂಬ ಸುದ್ದಿ ಹುಟ್ಟಿದರೂ ಏರುತ್ತದೆ. ಬೆಲೆ ಏರಿದಾಗ ಮಾಲಿಕನಿಗೆ ಉಳುವವನು ಅಡ್ಡಿಯಾಗಿ ಕಾಣುತ್ತಾನೆ. ಪಹಣಿಯಲ್ಲಿ ಇಲ್ಲದ ಆಸಾಮಿಯನ್ನು ಎಬ್ಬಿಸಲು ಎಷ್ಟು ಹೊತ್ತು? 2020ರಲ್ಲಿ ರಾಜ್ಯ ಸರಕಾರ ಭೂಸುಧಾರಣಾ ಕಾನೂನಿನ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಒಕ್ಕಲುತನ ಮಾಡದವನೂ, ಎಷ್ಟೇ ವರಮಾನವಿದ್ದವನೂ ಸಾಗುವಳಿ ಭೂಮಿ ಕೊಳ್ಳಬಹುದೆಂದು ಬಾಗಿಲು ತೆರೆಯಿತು. ಪಟ್ಟಣದಲ್ಲಿ ಕುಳಿತು ಭೂಮಿ ಕೊಂಡವನು ಕುಂಟೆ ಹಿಡಿಯುವವನಲ್ಲ. ಅವನೂ ಯಾರಿಗಾದರೂ ಬಾಯಿಮಾತಿನ ಮೇಲೆ ಗೇಣಿಗೆ ಕೊಡುವವನೇ. ಒಂದು ಕೈಯಲ್ಲಿ ಗೇಣಿಯನ್ನು ನಿಷೇಧಿಸಿ, ಇನ್ನೊಂದು ಕೈಯಲ್ಲಿ ಗೇಣಿ ಕೊಡುವ ಹೊಸ ಮಾಲಿಕರನ್ನು ಸೃಷ್ಟಿಸುವ ಸರಕಾರವನ್ನು ಏನೆನ್ನಬೇಕು?

ಕಾಗದವಿಲ್ಲದ್ದರಿಂದ ರೈತ ಕಳೆದುಕೊಳ್ಳುವುದು ಹೊಲವೊಂದನ್ನೇ ಅಲ್ಲ. ಬೆಳೆಸಾಲಕ್ಕೆ ಬ್ಯಾಂಕು ಪಹಣಿ ಕೇಳುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರ ಪಹಣಿಯ ಆಧಾರದ ನೋಂದಣಿ ಕೇಳುತ್ತದೆ. ಬರ ಬಿದ್ದಾಗ ಬೆಳೆನಷ್ಟದ ಪರಿಹಾರ ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ ಜಮೆಯಾಗುತ್ತದೆ. ಬೆಳೆ ಕಳೆದುಕೊಂಡವನು ಒಬ್ಬ, ನಷ್ಟ ತುಂಬಿಸಿಕೊಂಡವನು ಇನ್ನೊಬ್ಬ. 2019ರಿಂದ ಕೇಂದ್ರ ಕೊಡುತ್ತಿರುವ ಕಿಸಾನ್ ಸಮ್ಮಾನದ ಹಣವೂ ಭೂಮಿಯುಳ್ಳವನಿಗೇ. ಫಸಲ್ ಬಿಮೆಯ ನಿಯಮಗಳಲ್ಲಿ ಗೇಣಿದಾರನೂ ಪಾಲುದಾರನೂ ಸೇರಬಹುದೆಂದಿದೆ, ದಾಖಲೆ ತೋರಿಸಿದರೆ! ಯಾವ ದಾಖಲೆಯನ್ನು ರಾಜ್ಯದ ಕಾನೂನು ನಿಷೇಧಿಸಿದೆಯೋ ಆ ದಾಖಲೆಯನ್ನು ತಾ ಎನ್ನುತ್ತದೆ ಬಿಮಾ ಕಂಪನಿ.

ಪರಿಹಾರದ ಹಣ ಮಾಲಿಕನ ಖಾತೆಗೆ ಬಂದ ವರ್ಷವೇ ಗೇಣಿದಾರನ ಮೇಲೆ ಬಾಕಿ ಬರೆಯುವ ಮಾಲಿಕರೂ ಉಂಟು. ಒಂದೇ ಒಣಗಿದ ಬೆಳೆಗೆ ಎರಡು ಸಲ ವಸೂಲಿ!

ಈಗ ಎದುರಿನ ವಾದಗಳಿಗೆ ಬರೋಣ.

ಮಾಲಿಕರು ಹೇಳುವುದು: ಕಾಗದ ಬರೆದರೆ ನಾಳೆ ಹೊಲವೇ ಹೋಗುತ್ತದೆ, 1974ರಲ್ಲಿ ಆದದ್ದನ್ನು ನಾವು ಮರೆತಿಲ್ಲ. ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕಾನೂನು ಹೀಗೆಯೇ ಇರುವವರೆಗೆ ಆ ಭಯಕ್ಕೆ ಕಾರಣವಿದೆ. ಆದ್ದರಿಂದಲೇ ಕಾನೂನು ಬದಲಾಗಬೇಕು ಎನ್ನುತ್ತೇವೆ. ಒಡೆತನದ ಪ್ರಶ್ನೆ ಬೇರೆ, ಸಾಗುವಳಿಯ ಪ್ರಶ್ನೆ ಬೇರೆ. ಈ ವರ್ಷ ಈ ಹೊಲವನ್ನು ಇಂಥವನು ಬಿತ್ತಿದ್ದಾನೆ ಎಂದು ಬರೆದ ಮಾತ್ರಕ್ಕೆ ಪಟ್ಟೆ ಬದಲಾಗುವುದಿಲ್ಲ ಎಂದು ಕಾನೂನೇ ಸ್ಪಷ್ಟವಾಗಿ ಹೇಳಲಿ.

ಎರಡನೆಯ ವಾದ ಹೆಚ್ಚು ತೂಕದ್ದು. ಗೇಣಿಗೆ ಕೊಡುವವರೆಲ್ಲ ದೊಡ್ಡ ಧಣಿಗಳೇ? ಅಲ್ಲ. ಗಂಡ ತೀರಿದ ಮೇಲೆ ಎರಡು ಎಕರೆಯನ್ನು ತಾನೇ ಉಳಲಾರದ ತಾಯಿ, ಎತ್ತು ಮಾರಿ ಗುಳೆ ಹೋದ ದಲಿತ ರೈತ, ಮುಪ್ಪಿನ ದಂಪತಿಗಳು ಇವರೂ ಗೇಣಿಗೆ ಕೊಡುತ್ತಾರೆ. ಟ್ರಾಕ್ಟರು, ಬಂಡವಾಳ ಎರಡೂ ಇರುವ ಬಲಿಷ್ಠ ಇಂಥವರ ಹತ್ತಾರು ತುಂಡು ಹೊಲಗಳನ್ನು ಕೂಡಿಸಿ ಬೇಸಾಯ ಮಾಡುತ್ತಾನೆ. ಗೇಣಿ ಕೇಳಲು ಹೋದರೆ "ಮುಂದಿನ ತಿಂಗಳು ಬಾ ಅವ್ವಾ" ಎನ್ನುತ್ತಾನೆ. ಅಲ್ಲಿ ಬಾಕಿ ನಿಜವಾದ ಬಾಕಿ, ಅಳುವವಳು ಹೊಲದೊಡತಿ. ನಮ್ಮ ಪಕ್ಷ ಗೇಣಿದಾರ ಎಂಬ ಶಬ್ದದ ಬೆನ್ನು ಹತ್ತಿ ಹೋಗಬಾರದು. ಇಬ್ಬರಲ್ಲಿ ಬಡವರು ಯಾರು ಎಂದು ನೋಡಿ ಅವರ ಪಕ್ಕಕ್ಕೆ ನಿಲ್ಲಬೇಕು. ರಸೀದಿಯ ಬೇಡಿಕೆ ಆ ತಾಯಿಗೂ ಸೇರಿದ್ದು. ಬರವಣಿಗೆ ಇದ್ದರೆ ಅವಳ ಗೇಣಿಯನ್ನು ಯಾರೂ ನುಂಗಲಾರರು.

ಮೂರನೆಯ ವಾದ ನಮ್ಮೊಳಗಿನದೇ. ಗೇಣಿಗೆ ಕಾಗದ ಕೊಟ್ಟರೆ ಗೇಣಿಯನ್ನು ಒಪ್ಪಿಕೊಂಡಂತೆ ಆಗಲಿಲ್ಲವೇ, ಹೊಲದೊಡೆತನದ ಗುರಿಯನ್ನು ಬಿಟ್ಟುಕೊಟ್ಟಂತೆ ಆಗಲಿಲ್ಲವೇ ಎಂದು ಹಿರಿಯ ಸಂಗಾತಿಗಳು ಕೇಳುತ್ತಾರೆ. ಅವರ ಆತಂಕಕ್ಕೆ ಆಧಾರವಿದೆ. 2016ರಲ್ಲಿ ನೀತಿ ಆಯೋಗ ಒಂದು ಮಾದರಿ ಗೇಣಿ ಕಾನೂನನ್ನು ರಾಜ್ಯಗಳ ಮುಂದಿಟ್ಟಿತು. ಗೇಣಿಯನ್ನು ಕಾನೂನುಬದ್ಧ ಮಾಡು, ಎಷ್ಟು ಗೇಣಿ ಎಂಬುದನ್ನು ಇಬ್ಬರ ಮಾತಿಗೇ ಬಿಡು ಎಂಬುದು ಅದರ ಸಾರ. ಕುರಿ ಮತ್ತು ತೋಳಗಳ ನಡುವಿನ ಮಾತುಕತೆಯನ್ನು ಸ್ವತಂತ್ರ ಕರಾರು ಎನ್ನುವವರು ನಾವಲ್ಲ. ಆದರೆ ಹೊಲದೊಡೆತನದ ಹೋರಾಟ ಮುಗಿಯುವವರೆಗೆ ಇಂದು ಬಿತ್ತಿದವನು ನಾಳೆ ಕೊಯ್ಯುವಷ್ಟಾದರೂ ಭದ್ರತೆ ಬೇಡವೇ? ಕಾಗೋಡಿನ ರೈತರು ಕೊಳಗದ ನ್ಯಾಯ ಕೇಳಿದಾಗ ಗೇಣಿಯನ್ನು ಒಪ್ಪಿಕೊಂಡರು ಎಂದು ಯಾರಾದರೂ ಹೇಳಿದರೇ? ಆ ಸಣ್ಣ ನ್ಯಾಯದ ಬಾಗಿಲಿನಿಂದಲೇ ದೊಡ್ಡ ನ್ಯಾಯದ ಬೇಡಿಕೆ ಹೊರಬಂತು.

ನೆರೆಹೊರೆಯ ಅನುಭವವೂ ಕಣ್ಣಮುಂದಿದೆ. 1978ರಲ್ಲಿ ಪಶ್ಚಿಮ ಬಂಗಾಳದ ಸರಕಾರ ಪಾಲುದಾರರ ಹೆಸರು ಬರೆಯುವ ಕೆಲಸ ಕೈಗೊಂಡಾಗ ಅಧಿಕಾರಿಗಳು ಕಚೇರಿಯಲ್ಲಿ ಕುಳಿತು ಅರ್ಜಿ ಕಾಯಲಿಲ್ಲ. ಸಂಜೆ ಹೊತ್ತು, ರೈತರು ದುಡಿದು ಬಂದ ಮೇಲೆ, ಹಳ್ಳಿಯಲ್ಲೇ ಸಭೆ ಸೇರಿಸಿ ಎಲ್ಲರ ಮುಂದೆ ಹೆಸರು ಕೇಳಿ ಬರೆದರು. ಬರೆಯಲ್ಪಟ್ಟವರು ಹತ್ತು ಲಕ್ಷಕ್ಕೂ ಹೆಚ್ಚು. ಆಂಧ್ರ ಪ್ರದೇಶ 2011ರಲ್ಲಿ ಗೇಣಿದಾರರಿಗೆ ಸಾಲದ ಅರ್ಹತೆಯ ಕಾರ್ಡು ಕೊಡುವ ಕಾನೂನು ಮಾಡಿತು. 2019ರಲ್ಲಿ ಅದರ ಬದಲು ತಂದ ಕಾನೂನು 11 ತಿಂಗಳ ಕರಾರಿಗೆ ಮಾಲಿಕನ ಸಹಿ ಬೇಕೆಂದಿತು. ಸಹಿ ಕೇಳಿದರೆ ಮಾಲಿಕ ಹೊಲವನ್ನೇ ಕೊಡುವುದಿಲ್ಲ. ಆದ್ದರಿಂದ ಬಹಳ ಜನ ಸಹಿ ಕೇಳಲಿಲ್ಲ. ನಮಗೆ ಇದರಿಂದ ಸಿಗುವ ಪಾಠ ಎರಡು. ಹೆಸರು ಬರೆಯುವ ಕೆಲಸ ಹಳ್ಳಿಯ ನಡುವೆ, ನಾಲ್ಕು ಜನರ ಮುಂದೆ ಆಗಬೇಕು. ಅದು ಮಾಲಿಕನ ಸಹಿಯ ಮೇಲೆ ನಿಲ್ಲಬಾರದು.

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಒಂದು: ಪ್ರತಿ ಹಂಗಾಮಿಗೆ ಗ್ರಾಮಸಭೆಯ ಎದುರು ಯಾವ ಸರ್ವೆ ನಂಬರನ್ನು ಯಾರು ಸಾಗು ಮಾಡುತ್ತಿದ್ದಾರೆಂದು ಬರೆದು, ಸಣ್ಣ ಗೇಣಿದಾರರಿಗೂ ಪಾಲುದಾರರಿಗೂ ಒಂದು ವರ್ಷದ ಸಾಗುವಳಿ ಚೀಟಿ ಕೊಡಬೇಕು. ಅದರಿಂದ ಒಡೆತನದ ಹಕ್ಕು ಹುಟ್ಟಕೂಡದು, ಒಡೆತನ ಹೋಗಲೂಕೂಡದು. ಸಾಲ, ಬಿಮೆ, ಪರಿಹಾರ, ಬೆಂಬಲ ಬೆಲೆ ಈ ನಾಲ್ಕಕ್ಕೂ ಅದು ಸಾಕಾಗಬೇಕು.

ಎರಡು: ಗೇಣಿ ಪಡೆದವರು ರಸೀದಿ ಕೊಡಲೇಬೇಕು. ರಸೀದಿ ಪುಸ್ತಕವಿಲ್ಲದ ಮಾಲಿಕನ ಬಾಕಿಯ ಮಾತನ್ನು ಯಾವ ಕಚೇರಿಯೂ ಕೇಳಬಾರದು.

ಮೂರು: ಕಾಲುವೆಯ ನೀರು ಬಾರದ ಬೆಳೆಗೆ ಗೇಣಿಯಿಲ್ಲ. ಬರಪೀಡಿತವೆಂದು ಸರಕಾರ ಸಾರಿದ ತಾಲ್ಲೂಕಿನಲ್ಲಿ ನಷ್ಟದ ಪ್ರಮಾಣಕ್ಕೆ ಗೇಣಿಯೂ ಇಳಿಯಬೇಕು. ಇದು ಹೊಸ ಬೇಡಿಕೆಯಲ್ಲ; 1950ರ ಕಾನೂನಿನಲ್ಲಿದ್ದ ನ್ಯಾಯವನ್ನೇ ತಿರುಗಿ ಕೇಳುತ್ತಿದ್ದೇವೆ.

ನಾಲ್ಕು: ಬಾಕಿಯ ಕಾರಣಕ್ಕೆ ಹೊಲ ಬಿಡಿಸುವುದಾದರೆ ಬರಹದ ನೋಟೀಸು, ಕಟ್ಟಲು ಅವಧಿ, ಹಳ್ಳಿಯಲ್ಲೇ ವಿಚಾರಣೆ. ಬೆಳೆ ನಿಂತಿರುವಾಗ ಯಾರನ್ನೂ ಎಬ್ಬಿಸಕೂಡದು.

ಐದು: ಗೇಣಿಗೆ ಕೊಟ್ಟ ಸಣ್ಣ ಹಿಡುವಳಿದಾರರಿಗೆ, ಮುಖ್ಯವಾಗಿ ವಿಧವೆಯರಿಗೆ, ದೊಡ್ಡ ಸಾಗುವಳಿದಾರರಿಂದ ಬರಬೇಕಾದ ಗೇಣಿಯನ್ನು ತಹಸೀಲು ಕಚೇರಿಯೇ ತಡಮಾಡದೆ ಕೊಡಿಸಬೇಕು.

ಕಾನೂನು ಬರುವವರೆಗೆ ಕೈಕಟ್ಟಿ ಕೂಡುವುದೂ ಬೇಡ. ಕಾನೂನು ಎಷ್ಟು ತಡವಾಗಿ ಬರುತ್ತದೆಂಬುದನ್ನು ಮೇಲೆ ಹೇಳಿದ್ದೇವೆ. ನಮ್ಮ ಸಂಗಾತಿಗಳು ಈ ಯುಗಾದಿಗೆ ಮುಂಚೆಯೇ ಒಂದು ಕೆಲಸ ಮಾಡಬಹುದು. ಪ್ರತಿ ಹಳ್ಳಿಯಲ್ಲೂ ಒಂದು ನೋಟುಬುಕ್ಕು ಇಡಿರಿ. ಯಾರು ಯಾರ ಹೊಲ ಮಾಡಿದ್ದಾರೆ, ಎಷ್ಟಕ್ಕೆ ಮಾತು, ಯಾವ ದಿನ ಎಷ್ಟು ಚೀಲ ಕೊಟ್ಟರು ಎಂದು ದಿನಾಂಕ ಹಾಕಿ ಬರೆದು, ಇಬ್ಬರು ಪಂಚರ ಸಹಿ ಮಾಡಿಸಿರಿ. ಭತ್ತ ದಲಾಲಿ ಅಂಗಡಿಗೆ ಹೋದಾಗ ಮಾಲಿಕನ ಪಾಲಿಗೆ ಹೋದದ್ದೆಷ್ಟು ಎಂಬ ಚೀಟಿಯನ್ನು ಕೇಳಿ ಪಡೆಯಿರಿ. ಹಣವಾದರೆ ಕೈಗೆ ಕೊಡದೆ ಖಾತೆಗೆ ಹಾಕಿರಿ. ಓದು ಬಾರದವರ ಮನೆಗೆ ಶಾಲೆ ಕಲಿತ ಹುಡುಗ ಹುಡುಗಿಯರು ಹೋಗಿ ಬರೆದುಕೊಡಲಿ. ನೋಟುಬುಕ್ಕು ಕೋರ್ಟಿನ ಡಿಕ್ರಿಯಾಗದಿರಬಹುದು. ಆದರೆ ಮಾಲಿಕನ ವಹಿಯ ಎದುರು ಇನ್ನೊಂದು ವಹಿ ಇದೆ ಎಂದು ಊರಿಗೆಲ್ಲ ಗೊತ್ತಾದ ದಿನ ಸುಳ್ಳು ಬಾಕಿ ಬರೆಯುವ ಕೈ ಸ್ವಲ್ಪ ತಡೆಯುತ್ತದೆ. ಒಬ್ಬನನ್ನು ಬಾಯಿಮಾತಿನ ಮೇಲೆ ಎಬ್ಬಿಸಿದಾಗ ಆ ಹೊಲವನ್ನು ಹೆಚ್ಚು ಗೇಣಿಗೆ ಹಿಡಿಯಲು ಇನ್ನೊಬ್ಬ ಬಡವ ಮುಂದಾಗದಿದ್ದರೆ ಆ ಕೈ ಪೂರ್ತಿಯಾಗಿಯೇ ನಿಲ್ಲುತ್ತದೆ. ಈ ಎರಡನೆಯದು ಬಹಳ ಕಷ್ಟದ ಕೆಲಸ. ಹಸಿದ ಮನೆಗಳಿಗೆ ಇದನ್ನು ಹೇಳುವುದು ಸುಲಭವಲ್ಲವೆಂದು ನಮಗೆ ಗೊತ್ತು. ಆದರೂ ಹೇಳದೆ ನಿರ್ವಾಹವಿಲ್ಲ. ಸಂಘಟನೆ ಎಂದರೆ ಇದೇ.

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವೊಂದಿದೆ. 1915ರಲ್ಲಿ ಅದು ಬೆಳಕಿಗೆ ಬಂದಾಗ ವಿದ್ವಾಂಸರು ಹಿಗ್ಗಿದ್ದು ಅದರಲ್ಲಿ ದೊರೆಯ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತೆಂಬುದಕ್ಕೆ. ಒಂದು ಹೆಸರು ಬರಹದಲ್ಲಿ ಉಳಿದದ್ದರಿಂದ ಎರಡು ಸಾವಿರ ವರ್ಷಗಳ ಮೇಲೂ ಅವನಾರೆಂದು ತಿಳಿಯಿತು. ಅದೇ ಗುಡ್ಡದ ಕೆಳಗಿನ ಎರೆಯ ಹೊಲವನ್ನು ಇಂದು ಹರಗುತ್ತಿರುವವನ ಹೆಸರು ಮಾತ್ರ ಯಾವ ಕಾಗದದಲ್ಲೂ ಇಲ್ಲ. ಅವನಿಗೆ ಬಂಡೆ ಬೇಕಿಲ್ಲ. ಒಂದು ಚೀಟಿ ಸಾಕು. ಅದನ್ನು ಕೊಡಿಸುವ ಕೆಲಸವನ್ನು ಈ ಯುಗಾದಿಯಿಂದಲೇ ತೊಡಗೋಣ.